ಪ್ಯಾಟ್ಸಿಯ ನಾಯಿಯ ಸಾಕ್ಷ್ಯ

ಇಂಗ್ಲಿಷ್ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಪೂರ್ಣವಾಗಿ ನಿರ್ದೇಶಿಸಿದ ಮೊದಲ ಚಿತ್ರವಾದ 'ದ ಪ್ಲೆಷರ್ ಗಾರ್ಡನ್' ಮುಗಿಯುತ್ತಿದ್ದಂತೆಯೇ ನಮ್ಮ ವಕೀಲ ಮಿತ್ರರು, ತಮಗೆ ಯಾರೂ ವಕಾಲತ್ತು ಕೊಟ್ಟಿಲ್ಲವೆಂಬುದನ್ನು ಮರೆತು, "ಈ ಅನರ್ಥಗಳಿಗೆಲ್ಲ ಜಿಲ್ ಎಂಬವಳೇ ಹೊಣೆ" ಎಂದು ವಾದ ಹೂಡಿದರು. ಲಂಡನ್ನಿನ ರಂಗಮಂದಿರದ ಬಾಗಿಲಲ್ಲಿ ಪರಿಚಯಪತ್ರವನ್ನು ಜೇಬುಗಳ್ಳರ ಪಾಲು ಮಾಡಿಕೊಂಡು ನಿಂತಿದ್ದ ಅವಳನ್ನು ಮೇಳದ ನರ್ತಕಿ ಪ್ಯಾಟ್ಸಿ ತನ್ನ ಕೋಣೆಗೆ ಕರೆತಂದು ಇರಿಸಿಕೊಂಡರೆ, ಹೆಸರು ಬಂದ ಕೂಡಲೇ ಜಿಲ್ ತನಗೆ ನಿಶ್ಚಯವಾಗಿದ್ದ ಹ್ಯೂನನ್ನು ಕೈಬಿಟ್ಟು ರಾಜಕುಮಾರನೊಬ್ಬನ ಹಿಂದೆ ಹೋಗುವುದು ಮಿತ್ರದ್ರೋಹವಲ್ಲವೇ ಎಂಬುದು ಅವರ ಪ್ರಶ್ನೆ.

"ವಾರಕ್ಕೆ 5 ಪೌಂಡ್ ಎಂದ ಮಾಲೀಕನಿಂದ 20 ಪೌಂಡ್ ಕೇಳಿ ಪಡೆದ ಹುಡುಗಿ ಅವಳು, ವಕೀಲರೇ" ಎಂದು ಬ್ಯಾಂಕಿನ ಮೇಡಂ ಎದುರಾದರು. "ನಮ್ಮ ಸಂಬಳ ಪರಿಷ್ಕರಣೆಯ ಮಾತುಕತೆಗೆ ಕೂರುವವರಿಗೆ ಆ ದೃಶ್ಯವನ್ನು ಕಡ್ಡಾಯವಾಗಿ ತೋರಿಸಬೇಕು."

"ಆದರೆ ಪರದೇಶದಲ್ಲಿ ಕಾಯಿಲೆ ಬಿದ್ದಿರುವನೆಂದು ನಂಬಿದ ಗಂಡನ ಬಳಿಗೆ ಹೋಗಲು ಪ್ಯಾಟ್ಸಿ ಸಾಲ ಕೇಳಿದಾಗ ಅವಳು ಇಲ್ಲವೆಂದಳಲ್ಲ, ಮೇಡಂ?"

"ಜಾಮೀನಿಲ್ಲದ ಸಾಲವನ್ನು ನಾನೂ ಕೊಡುತ್ತಿರಲಿಲ್ಲ" ಎಂದರು ಮೇಡಂ. ಕೊಟ್ಟವರು ಬಾಡಿಗೆ ಮನೆಯ ಮುದಿ ದಂಪತಿಗಳು, ಅದೂ ತಾವು ಕೂಡಿಟ್ಟ ಗಂಟಿನಿಂದ. ಅವರಿಬ್ಬರಿಗೆ ಯಾವ ಬ್ಯಾಂಕಿನಲ್ಲೂ ಬಡ್ತಿ ಸಿಗಲಾರದೆಂಬುದು ನನ್ನ ಅಭಿಪ್ರಾಯ.

ಅಷ್ಟರಲ್ಲಿ ಮೇಷ್ಟ್ರು ಪ್ಯಾಟ್ಸಿಯ ಗಂಡ ಲೆವೆಟ್ಟನ ಕಡೆಗೆ ತಿರುಗಿದರು. ಕೋಮೋ ಸರೋವರದ ದಂಡೆಯ ಮಧುಚಂದ್ರದಲ್ಲಿ ಹೆಂಡತಿ ಕೊಟ್ಟ ಗುಲಾಬಿಯನ್ನು ನೀರಿಗೆಸೆದ ಲೆವೆಟ್ ಎಂತಹವನೆಂಬುದು ಅಲ್ಲಿಯೇ ತಿಳಿಯಬೇಕಿತ್ತೆಂದೂ, ವಸಾಹತಿನಲ್ಲಿ ತನ್ನನ್ನು ನಂಬಿದ ಸ್ಥಳೀಯ ಹೆಣ್ಣನ್ನು ರಕ್ಷಿಸುವವನಂತೆ ಈಜಿಕೊಂಡು ಹೋಗಿ ಮುಳುಗಿಸಿ ಕೊಂದವನ ಮುಂದೆ ಜಿಲ್ಲಳ ತಪ್ಪು ಕಾಪಿ ಹೊಡೆದಷ್ಟೇ ಸಣ್ಣದೆಂದೂ ಅವರು ವಿವರಿಸಿದರು. ಆ ಬಡಪಾಯಿ ಹೆಂಗಸಿಗೆ ಚಿತ್ರವು ಒಂದು ಹೆಸರನ್ನೂ ಕೊಡದೆ ದೆವ್ವವಾಗಿ ಕಾಣಿಸಿಕೊಳ್ಳುವ ಕೆಲಸವನ್ನಷ್ಟೇ ಕೊಟ್ಟಿರುವುದು ನನಗೆ ಲೆವೆಟ್ಟನ ಬುದ್ಧಿಗಿಂತ ಬಹಳ ಮೇಲೆಂದು ತೋರಲಿಲ್ಲ.

ಸಾಲದ ಮಾತು ಬಂದದ್ದರಿಂದ ನಾನು ತೆರೆಯ ಹಿಂದಿನ ಕಥೆಯನ್ನು ತೆಗೆದೆ. 1925ರಲ್ಲಿ ಮ್ಯೂನಿಕ್ಕಿನ ಎಮೆಲ್ಕಾ ಸಂಸ್ಥೆಯ ಸ್ಟುಡಿಯೋದಲ್ಲಿ ತಯಾರಾದ ಚಿತ್ರವಿದು. ನಮ್ಮ ದೇಶದ ಚಿತ್ರ ನಿರ್ಮಾಪಕ ಹಿಮಾಂಶು ರಾಯ್ ಅವರೊಡನೆ 'ಪ್ರೇಮ ಸನ್ಯಾಸ' ಎಂಬ ಚಿತ್ರವನ್ನು ಮಾಡಿದ್ದೂ ಅದೇ ಎಮೆಲ್ಕಾ. ಇಟಲಿಯ ಹೊರಾಂಗಣ ಚಿತ್ರೀಕರಣದಲ್ಲಿ ಹಣ ಕಳುವಾಗಿ, ಪ್ಯಾಟ್ಸಿಯ ಪಾತ್ರ ಮಾಡಿದ ವರ್ಜೀನಿಯಾ ವ್ಯಾಲಿಯ ಬಳಿಯೇ ಸಾಲ ಪಡೆಯಬೇಕಾಯಿತೆಂದೂ, ಕೇಳಲು ತಮಗೆ ಧೈರ್ಯ ಸಾಲದೆ ಸಹಾಯಕಿ ಆಲ್ಮಾ ರೆವಿಲ್ ಅವರನ್ನು ಕಳುಹಿಸಿದೆನೆಂದೂ ಹಿಚ್‌ಕಾಕ್ ಮುಂದೆ ಹೇಳಿಕೊಂಡರು.

"ಸಾಲ ತಂದುಕೊಟ್ಟ ಆ ಸಹಾಯಕಿಗೆ ಏನು ಸಿಕ್ಕಿತು?" ಎಂದು ಮೇಡಂ ಕೇಳಿದರು.

"1926ರಲ್ಲಿ ಅದೇ ಹಿಚ್‌ಕಾಕ್ ಗಂಡನಾಗಿ ಸಿಕ್ಕರು" ಎಂದೆ. ಚಿತ್ರವಂತೂ ವಿತರಕರ ಕಪಾಟಿನಲ್ಲಿ ಕುಳಿತಿದ್ದು, ಅವರದೇ ಮತ್ತೊಂದು ಚಿತ್ರ 'ದ ಲಾಡ್ಜರ್' ಗೆದ್ದ ಮೇಲೆ 1927ರಲ್ಲಿ ಹೊರಬಂದಿತು.

ಕೊನೆಗೆ ಮೇಷ್ಟ್ರು ಪ್ಯಾಟ್ಸಿಯ ನಾಯಿ ಕಡಲ್ಸ್‌ನನ್ನು ಸಾಕ್ಷಿಗೆ ಕರೆದರು. ಜಿಲ್ ಮೊದಲ ರಾತ್ರಿ ಮಂಡಿಯೂರಿ ಪ್ರಾರ್ಥಿಸುವಾಗ ಅವಳ ಅಂಗಾಲು ನೆಕ್ಕಿ ಭಕ್ತಿಗೆ ಭಂಗ ತಂದದ್ದೂ, ಲೆವೆಟ್ಟನನ್ನು ಬಿಟ್ಟು ಹ್ಯೂನನ್ನೇ ಮೆಚ್ಚಿಕೊಂಡದ್ದೂ ಆ ನಾಯಿಯೇ.

"ನಾಯಿಯ ಸಾಕ್ಷ್ಯ ಊರ್ಜಿತವಲ್ಲ, ಅದಕ್ಕೆ ಬಾಯಿಲ್ಲ" ಎಂದು ವಕೀಲರು ಆಕ್ಷೇಪಿಸಿದರು.

"ಮೂಕಿ ಚಿತ್ರದಲ್ಲಿ ಉಳಿದ ಸಾಕ್ಷಿಗಳಿಗೆ ಬಾಯಿ ಎಲ್ಲಿತ್ತು, ಸ್ವಾಮಿ?" ಎಂದರು ಮೇಷ್ಟ್ರು.