ಅಂಟು ತೊಳಿಯೋ ಕಷಾಯ

ಗುಂಪು: ಹಳೇ ಮನಿ ಮಂದಿ

ಗದಗ ಕಾಕಾ: (ಅನೇಕ ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ಬಾವು ಬರಲು ಕಾರಣ ರಕ್ತನಾಳದ ಅಂಟು ಪ್ರೋಟೀನ್. ಬಿಳಿ ರಕ್ತಕಣಗಳು ಇದಕ್ಕೆ ಅಂಟಿಕೊಂಡು ಕೀಲು ಹಾಳು ಮಾಡುತ್ತವೆ. ಖಾಲಿ ಹೊಟ್ಟೆಯಲ್ಲಿ ಅರಿಶಿನ-ಜೀರಿಗೆ ಕಷಾಯ 21 ದಿನ ಕುಡಿದರೆ ಅಂಟು ತೊಳೆದು ಹೋಗುತ್ತದೆ. 10 ಜನರಿಗೆ ಕಳಿಸಿ.

ಹಾವೇರಿ ಅತ್ತಿ: 🙏🙏 ನನ್ನ ಮೊಣಕಾಲಿಗೆ ಇದ ಆಗೇತಿ ಅನಸ್ತೈತಿ

ಕೇಶ್ವಾಪುರ ತಮ್ಮ: ಯಾರು ಬರದದ್ದು? ಯಾವ ಪ್ರೋಟೀನ್? ಹೆಸರರ ಐತೇನು?

ಗದಗ ಕಾಕಾ: ನಿನಗ ಎಲ್ಲಾದಕ್ಕೂ ಪುರಾವೆ ಬೇಕು. ಜನವರಿಯೊಳಗ ನನ್ನ ರಿಪೋರ್ಟ್ ನೋಡಿ "ಕಾಕಾ, ಸೋಂಕೈತಿ" ಅಂತ ಹೆದರಿಸಿದಾವ ನೀನ.

ಕೇಶ್ವಾಪುರ ತಮ್ಮ: ಬಿಳಿಕಣ 14,200ಕ್ಕ ಏರಿದ್ವು. ದಮ್ಮಿಗೆ ಸ್ಟೆರಾಯ್ಡ್ ಗುಳಿಗಿ ನುಂಗಾಕತ್ತೀನಿ ಅಂತ ನೀವು ಹೇಳಲಿಲ್ಲ.

ಗದಗ ಕಾಕಾ: ನೀ ಕೇಳಲಿಲ್ಲ.

ವಿದ್ಯಾನಗರ ಅಕ್ಕ: ಇಬ್ಬರೂ ಒಂಚೂರು ನಿಲ್ರಿ. ಅಂಟು ಐತಿ ಅನ್ನೂದು ಖರೇ, ತೊಳೀಬೇಕು ಅನ್ನೂದು ಸುಳ್ಳು. ಮುಳ್ಳು ನಟ್ಟ ಜಾಗಾದಾಗ ನಾಳದ ಒಳಗ್ವಾಡಿ ಮೊದಲ ಪಿ-ಸೆಲೆಕ್ಟಿನ್ ಅನ್ನೂ ಅಂಟು ಪ್ರೋಟೀನ್ ಹೊರಗ ಹಾಕತೈತಿ. ಅದು ತಯಾರ ಮಾಡಿಟ್ಟ ಮಾಲು, ನಿಮಿಷದಾಗ ಬರತೈತಿ. ಇ-ಸೆಲೆಕ್ಟಿನ್ ಹೊಸದಾಗಿ ಆಗಬೇಕು, ಅದಕ್ಕ ಕೆಲವು ತಾಸು. ಇವೆರಡರ ಹಿಡಿತ ಸಡಿಲ. ನ್ಯೂಟ್ರೋಫಿಲ್ ಅನ್ನೂ ಬಿಳಿಕಣ ನಿಲ್ಲಂಗಿಲ್ಲ, ಗ್ವಾಡಿಗುಂಟ ಉರುಳತೈತಿ ಅಷ್ಟ. ಉರುಳುವಾಗ ಗ್ವಾಡಿ ಮ್ಯಾಲಿನ ಐಎಲ್-8 ಅನ್ನೂ ಸಂಕೇತದ ಪ್ರೋಟೀನ್ ತಾಕತೈತಿ. ಆಗ ಕಣದ ಮೈಮ್ಯಾಲ ಮಡಚಿಕೊಂಡಿದ್ದ ಇಂಟೆಗ್ರಿನ್ ಅನ್ನೂ ಕೊಂಡಿ ಪ್ರೋಟೀನ್ ನೆಟ್ಟಗಾಗಿ ಗ್ವಾಡಿ ಮ್ಯಾಲಿನ ಐಕ್ಯಾಮ್-1 ಅನ್ನೂ ಪ್ರೋಟೀನನ್ನ ಗಪ್ಪನ ಹಿಡೀತೈತಿ. ಇದು ಗಟ್ಟಿ ಹಿಡಿತ. ಆಮ್ಯಾಲ ಕಣ ಚಪ್ಪಟಿ ಆಗಿ, ಜೀವಕೋಶದ ಸಂದ್ಯಾಗ ನುಸುಳಿ ಹೊರಗ.

ನವಲಗುಂದ ಮಾಮಾ: ಮುಳ್ಳು ಅಂದ ಕೂಡ್ಲೆ ನೆನಪಾತು. ಎರಿ ಹೊಲದಾಗ ಜಾಲಿಮುಳ್ಳು ನಟ್ಟರ ಅವ್ವ ಉಳ್ಳಾಗಡ್ಡಿ ಸುಟ್ಟು, ಅರಿಷಿಣ ಹಚ್ಚಿ ಕಟ್ಟತಿದ್ಲು. ಮರುದಿನ ಕೀವು ಹೊರಗ! ಆ ಹೊಲ ಮಾರಬಾರದಿತ್ತು.

ಗದಗ ಕಾಕಾ: ಹೊಲದ ಮಾತು ಇಲ್ಲಿ ಬ್ಯಾಡ.

ವಿದ್ಯಾನಗರ ಅಕ್ಕ: ಮಾಮಾ, ಆ ಕೀವಿನ್ಯಾಗ ಭಾಳಷ್ಟು ಸತ್ತ ನ್ಯೂಟ್ರೋಫಿಲ್ ಇರತಾವ. ಅಂಟು ಇತ್ತಂತನ ಅಲ್ಲಿತನ ಬಂದ್ವು.

ದೊಡ್ಡಪ್ಪ: ಹಿರೇರ ಮಾತು ಕೇಳಾಕ ಕಲೀರಿ. ಮೊಬೈಲ್ ಬಂದ ಮ್ಯಾಲ ಯಾರಿಗೂ ತಾಳ್ಮಿ ಇಲ್ಲ.

ಕೇಶ್ವಾಪುರ ತಮ್ಮ: ದೊಡ್ಡಪ್ಪ, ಕಷಾಯದ ಮೆಸೇಜ್ ಬಂದದ್ದೂ ಮೊಬೈಲಿಗೇರಿ.

ಹಾವೇರಿ ಅತ್ತಿ: ಅಂಟು ಇಲ್ಲಂದ್ರ ಏನಾಗತೈತಿ?

ವಿದ್ಯಾನಗರ ಅಕ್ಕ: ಹುಟ್ಟಾನ ಇಲ್ಲದ ಕೂಸುಗಳು ಇರತಾವ ಅತ್ತಿ, ಭಾಳ ಅಪರೂಪ. ಇಂಟೆಗ್ರಿನ್‌ದಾಗಿನ ಸಿಡಿ18 ಅನ್ನೂ ಭಾಗ ಕೆಟ್ಟಿರತೈತಿ. ರಕ್ತದಾಗ ಬಿಳಿಕಣ ಕಿಕ್ಕಿರಿದಿರತಾವ, ಗಾಯದಾಗ ಕೀವ ಇರಂಗಿಲ್ಲ. ಒಂದೆರಡು ವಾರಕ್ಕ ಬೀಳೂ ಹೊಕ್ಕಳಬಳ್ಳಿ ತಿಂಗಳಾದರೂ ಬೀಳಂಗಿಲ್ಲ. ಸೋಂಕು ಮ್ಯಾಲಿಂದ ಮ್ಯಾಲ. ಔಷಧ ಕೊಟ್ಟು ಇಂಟೆಗ್ರಿನ್ ತಡದದ್ದೂ ಐತಿ. ನಟಾಲಿಝುಮ್ಯಾಬ್ ಅಂತ, ಎಂಎಸ್ ಅನ್ನೂ ನರದ ರೋಗಕ್ಕ, 2004ರಾಗ ಬಂತು. ಮಿದುಳಿಗೆ ಕಾವಲ ಕಣ ಹೋಗದಂಗಾಗಿ ಕೆಲವರಿಗೆ ಮಿದುಳು ಕೆಡಸೂ ಜೆಸಿ ವೈರಸ್ ಎದ್ದು 2005ರಾಗ ಮಾರಾಟ ನಿಲ್ಲಿಸಿದ್ರು. 2006ರಾಗ ಕಟ್ಟುನಿಟ್ಟು ಮಾಡಿ ಮತ್ತ ಬಿಟ್ರು.

ಕೇಶ್ವಾಪುರ ತಮ್ಮ: ಅಂದ್ರ ಕಾಕಾನ 14,200?

ವಿದ್ಯಾನಗರ ಅಕ್ಕ: ಅಲ್ಲೂ ಅಂಟಿಂದ ಆಟ. ಸ್ಟೆರಾಯ್ಡ್ ತಗೊಂಡಾಗ ಗ್ವಾಡಿಗೆ ಹತ್ತಿ ಕುಂತ ಕಣ ಬಿಟ್ಟು ಹರಿಯೂ ರಕ್ತಕ್ಕ ಬೀಳತಾವ, ಎಲುಬಿನ ಮಜ್ಜಿಯಿಂದನೂ ಬರತಾವ. ಸೋಂಕಿಲ್ಲದನೂ ಎಣಿಕಿ ಏರತೈತಿ. ಹಂಗಂತ ನಿಶ್ಚಿಂತಿ ಇರೂದಲ್ಲ. ಜ್ವರ ಇದ್ರ, ಸ್ಲೈಡಿನ್ಯಾಗ ಎಳೇ ಬ್ಯಾಂಡ್ ಕಣ ಭಾಳ ಕಂಡ್ರ ಸಂಶಯ ಪಡಬೇಕು. ರಿಪೋರ್ಟಿನ ಜೋಡಿ ಗುಳಿಗಿ ಚೀಟಿನೂ ಹಾಕ್ರಿ ಅಂತ ಎಷ್ಟ ಸಲ ಹೇಳಬೇಕು?

ಗದಗ ಕಾಕಾ: ನೋಡಿದ್ಯಾ? ಅವತ್ತ ನಾ ಹೇಳಿದ್ದ ಖರೇ ಆತು.

ಕೇಶ್ವಾಪುರ ತಮ್ಮ: ನೀವು ಹೇಳಿದ್ದು ಲ್ಯಾಬಿನ ಮಷೀನ್ ಕೆಟ್ಟೈತಿ ಅಂತ!

ಹಾವೇರಿ ಅತ್ತಿ: ನಮ್ಮ ಮೊಮ್ಮಗಳ ಹೊಕ್ಕಳ 8ನೇ ದಿನಕ್ಕ ಬಿದ್ದೈತಿ. ಅಂಟು ಚಲೋನ ಐತಿ ಅಂದಂಗಾತು.

ದೊಡ್ಡಪ್ಪ: 🙏

ಗದಗ ಕಾಕಾ: ಹಂಗಾರ ಕಷಾಯ ಕುಡೀಲ್ಯೋ ಬ್ಯಾಡೋ?

ವಿದ್ಯಾನಗರ ಅಕ್ಕ: ರುಚಿಗೆ ಕುಡೀರಿ, ಏನೂ ತೊಳಿಯಂಗಿಲ್ಲ. ಸ್ಟೆರಾಯ್ಡ್ ಮಾತ್ರ ನಿಮ್ಮಷ್ಟಕ್ಕ ನೀವ ನಿಲ್ಲಸಬ್ಯಾಡ್ರಿ.

ಗದಗ ಕಾಕಾ: ಮೊದಲ ಹೇಳಬಾರದಾ? ಪಿಂಚಣಿದಾರರ ಗುಂಪಿಗೂ ಹಾಕೇನಿ. ಇಬ್ಬರು ಆಗಲೇ ಜೀರಗಿ ತರಾಕ ಹೋಗ್ಯಾರ.