ಫಿಕ್ಸ್ ಮುಗಿಯುವ ಮೊದಲೇ ಮನೆ ಬದಲಿಸಬೇಕು: 4,800 ಪೌಂಡ್ ಇಆರ್‌ಸಿ ಕಟ್ಟಲೇಬೇಕಾ?

ತುಂಗಾತೀರ (ಸ್ಲೌ)

ನಮಸ್ಕಾರ. ಇಂಗ್ಲೆಂಡಿನಲ್ಲಿ ಸಾಲ ಇರುವಾಗಲೇ ಮನೆ ಬದಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸ್ಲೌನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಫ್ಲಾಟ್. 2022ರ ಮಾರ್ಚ್‌ನಲ್ಲಿ ಸಾಲದ ಬಡ್ಡಿದರವನ್ನು 1.84%ಗೆ ಐದು ವರ್ಷ ಫಿಕ್ಸ್ ಮಾಡಿಸಿದ್ದೆವು, 2027ರ ಮಾರ್ಚ್ 31ರವರೆಗೆ ಇದೆ. ಬಾಕಿ ಹತ್ತಿರಹತ್ತಿರ 2,40,000 ಪೌಂಡ್. ಮೇ ತಿಂಗಳಲ್ಲಿ ಎರಡನೇ ಮಗು, ಬಾಣಂತನಕ್ಕೆ ಅಮ್ಮ ಬರುತ್ತಾರೆ. ಈ ಫ್ಲಾಟಿನಲ್ಲಿ ಆಗುವ ಮಾತಲ್ಲ. ರೆಡಿಂಗ್‌ನಲ್ಲಿ ಒಂದು ಮನೆಗೆ ನಮ್ಮ ಆಫರ್ ಒಪ್ಪಿದ್ದಾರೆ, ಅದಕ್ಕೆ ಇನ್ನೂ 90,000 ಸಾಲ ಬೇಕು.

ಹಳೆಯ ಸಾಲದ ಆಫರ್ ಪತ್ರದ ಪ್ರಕಾರ ಅವಧಿಗೆ ಮುಂಚೆ ತೀರಿಸಿದರೆ ಇಆರ್‌ಸಿ (ಅರ್ಲಿ ರಿಪೇಮೆಂಟ್ ಚಾರ್ಜ್, ಅಂದರೆ ದಂಡ) ಮೊದಲ ವರ್ಷ ಬಾಕಿಯ 5%, ಆಮೇಲೆ ವರ್ಷಕ್ಕೊಂದು ಪರ್ಸೆಂಟ್ ಇಳಿಕೆ. ಈಗ 2%, ಅಂದರೆ 4,800. 2026ರ ಏಪ್ರಿಲ್‌ನಿಂದ 1%. ನಮ್ಮ ಬ್ಯಾಂಕಿಗೆ ಫೋನ್‌ನಲ್ಲಿ ಕೇಳಿದರೆ ‘ನಿಮ್ಮದು ಪೋರ್ಟಬಲ್, ಚಿಂತೆ ಬೇಡ’ ಅಂದರು, ಅಂದರೆ ಇದೇ ದರವನ್ನು ಹೊಸ ಮನೆಗೆ ಒಯ್ಯಬಹುದಂತೆ. ಹೊಸ 90,000ಕ್ಕೆ ಮಾತ್ರ 4.5% ಅಂತೆ. ಇನ್ನೊಂದು ಬ್ಯಾಂಕು ಪೂರ್ತಿ 3,30,000ಕ್ಕೆ 4.2% ಕೊಡುತ್ತೇವೆ ಅನ್ನುತ್ತಿದೆ. ಇಆರ್‌ಸಿ ಕಟ್ಟಿ ಹೊರಗೆ ಬರೋದಾ, ಪೋರ್ಟ್ ಮಾಡೋದಾ, ಏಪ್ರಿಲ್‌ವರೆಗೆ ಎಳೆಯೋದಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಮಲ್ಲಿಗೆಮೊಗ್ಗು

ವರ್ಷಕ್ಕೆ ಬಾಕಿಯ 10% ಹೆಚ್ಚುವರಿ ಕಟ್ಟಲು ಬಹಳಷ್ಟು ಬ್ಯಾಂಕುಗಳು ಬಿಡುತ್ತವೆ, ಅದಕ್ಕೆ ಇಆರ್‌ಸಿ ಇಲ್ಲ. ಮನೆ ಮಾರುವ ಮೊದಲೇ 24,000 ಕಟ್ಟಿಬಿಡಿ, 480 ಪೌಂಡ್ ಉಳಿಯುತ್ತದೆ.

ಬಯಲುಸೀಮೆ (ಲೆಸ್ಟರ್)

ತಂಗಿ, ಆ 4,800ರ ಮೇಲಿಂದ ಸ್ವಲ್ಪ ಹೊತ್ತು ಕಣ್ಣು ತೆಗೆಯಿರಿ. ನಿಮ್ಮ ಕೈಲಿರುವ ದೊಡ್ಡ ಆಸ್ತಿ ಆ 1.84%. 2021ರ ಡಿಸೆಂಬರ್‌ವರೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 0.1% ಇತ್ತು, 2023ರ ಆಗಸ್ಟ್‌ಗೆ 5.25% ಆಯಿತು. ಆ ಏರಿಕೆ ಪೂರ್ತಿ ಆಗುವ ಮುನ್ನ ಹಿಡಿದ ದರ ನಿಮ್ಮದು.

ಲೆಕ್ಕ ಹಾಕೋಣ. ಪೋರ್ಟ್ ಮಾಡಿದರೆ 2,40,000ಕ್ಕೆ 1.84%, 90,000ಕ್ಕೆ 4.5%: ವರ್ಷದ ಬಡ್ಡಿ ಸುಮಾರು 8,470. ಬೇರೆ ಬ್ಯಾಂಕಿಗೆ ಹೋದರೆ 3,30,000ಕ್ಕೆ 4.2%: ಸುಮಾರು 13,860. ವರ್ಷಕ್ಕೆ 5,400 ವ್ಯತ್ಯಾಸ. ಜನವರಿ ಕೊನೆಗೆ ಮನೆ ಕೈಗೆ ಬಂತು ಅನ್ನಿ. ಅಲ್ಲಿಂದ 2027ರ ಮಾರ್ಚ್‌ವರೆಗೆ 6,300 ಪೌಂಡ್, ಮೇಲೆ ಇಆರ್‌ಸಿ 4,800. ಹತ್ತಿರಹತ್ತಿರ 11,000 ಕೈಬಿಡುತ್ತದೆ. 4.2% ಅನ್ನೋದು 4.5%ಗಿಂತ ಕಡಿಮೆ ಕಾಣುತ್ತದೆ ಅಷ್ಟೇ.

ಇದೇ ಕಾರಣಕ್ಕೆ ಮಲ್ಲಿಗೆಮೊಗ್ಗು ಅವರ ಮಾತು ನಿಮಗೆ ಹೊಂದುವುದಿಲ್ಲ. ಪೋರ್ಟ್ ಮಾಡುವವರು ಈಗ 24,000 ಕಟ್ಟಿದರೆ 1.84%ರ ಸಾಲ ತೀರಿಸಿ ಅಷ್ಟನ್ನೇ 4.5%ಗೆ ಮತ್ತೆ ತಂದ ಹಾಗೆ. ಪೋರ್ಟ್ ಆಗದೆ ಹೊರಗೆ ಬರಲೇಬೇಕಾದರೆ ಮಾತ್ರ ಆ ದಾರಿ ಒಳ್ಳೆಯದು.

ಆದರೆ ‘ಪೋರ್ಟಬಲ್’ ಅಂತ ಫೋನ್‌ನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ. ದರವನ್ನು ಹೊಸ ಮನೆಗೆ ಒಯ್ಯಬಹುದು ಅನ್ನುವುದಷ್ಟೇ ಅದರ ಅರ್ಥ. ಸಾಲಕ್ಕೆ ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಸಂಬಳ, ಖರ್ಚು, ಕ್ರೆಡಿಟ್ ನೋಡುತ್ತಾರೆ, ಮನೆಗೆ ವ್ಯಾಲ್ಯುಯೇಷನ್ ಮಾಡಿಸುತ್ತಾರೆ. ಬೇಡ ಅನ್ನುವ ಹಕ್ಕೂ ಅವರಿಗಿದೆ. ಸಾಲದ ಆಫರ್ ಕಾಗದ ಕೈಗೆ ಬರುವವರೆಗೆ ಎಕ್ಸ್‌ಚೇಂಜ್ (ಹಿಂದೆ ಸರಿಯಲಾಗದ ಕರಾರು) ಮಾಡಬೇಡಿ.

ತುಂಗಾತೀರ

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಎರಡು ಭಯ ಉಳಿದಿವೆ. ನಾನು ಏಪ್ರಿಲ್‌ನಿಂದ ಹೆರಿಗೆ ರಜೆ, ಅದನ್ನು ಹೇಳಿದರೆ ಸಾಲ ಕಮ್ಮಿ ಮಾಡುತ್ತಾರಾ? ಇನ್ನೊಂದು, ನಮ್ಮ ಫ್ಲಾಟ್ ಕೊಳ್ಳುವವರಿಗೆ ಅವಸರ, ರೆಡಿಂಗ್‌ನವರು ಮುಂದೂಡುತ್ತಿದ್ದಾರೆ. ಎರಡೂ ಒಂದೇ ದಿನ ಆಗದಿದ್ದರೆ?

ಬಯಲುಸೀಮೆ (ಲೆಸ್ಟರ್)

ರಜೆಯ ವಿಷಯ ಮುಚ್ಚಿಡಬೇಡಿ. ಆದಾಯ ಬದಲಾಗುವುದು ಗೊತ್ತಿದ್ದರೆ ಅರ್ಜಿಯಲ್ಲಿ ಹೇಳಲೇಬೇಕು. ಕೆಲಸಕ್ಕೆ ಯಾವಾಗ, ಎಷ್ಟು ಸಂಬಳಕ್ಕೆ ಮರಳುತ್ತೀರಿ ಅಂತ ಎಚ್‌ಆರ್‌ನಿಂದ ಪತ್ರ ತನ್ನಿ. ಮರಳಿದ ಮೇಲಿನ ಸಂಬಳವನ್ನೇ ಲೆಕ್ಕಕ್ಕೆ ಹಿಡಿಯುವ ಬ್ಯಾಂಕುಗಳಿವೆ, ಮಕ್ಕಳ ನರ್ಸರಿ ಖರ್ಚನ್ನು ಕಳೆಯುತ್ತಾರೆ. ನಡುವಿನ ತಿಂಗಳುಗಳಿಗೆ ಉಳಿತಾಯ ಎಷ್ಟಿದೆ ಅಂತಲೂ ಕೇಳಬಹುದು.

ದಿನಾಂಕದ ವಿಷಯವೇ ನನಗೆ ಹೆಚ್ಚು ಚಿಂತೆ. ನಮಗೆ ಹಾಗೇ ಆಯಿತು. ಚೈನ್‌ನಲ್ಲಿ, ಅಂದರೆ ಒಂದಕ್ಕೊಂದು ಕೊಂಡಿಯಾದ ಮನೆ ಮಾರಾಟಗಳ ಸಾಲಿನಲ್ಲಿ, ನಮಗೆ ಮನೆ ಮಾರುವ ಕಡೆಯವರು ತಡ ಮಾಡಿದರು, ನಮ್ಮ ಮನೆ ಮೊದಲೇ ಮಾರಾಟವಾಯಿತು. ಅಂದೇ ಸಾಲಿಸಿಟರ್ (ವಕೀಲರು) ಹಳೆಯ ಸಾಲ ತೀರಿಸುವಾಗ ಇಆರ್‌ಸಿಯೂ ಮಾರಾಟದ ಹಣದಿಂದಲೇ ಹೋಯಿತು. ಹೊಸ ಮನೆ ಖರೀದಿ ಬ್ಯಾಂಕಿನ ಗಡುವಿನೊಳಗೆ ಆದ್ದರಿಂದ ಆ ದುಡ್ಡು ವಾಪಸ್ ಬಂತು, ಆದರೆ ಕೊಳ್ಳುವ ಹೊತ್ತಿಗೆ ಕೈಯಲ್ಲಿರಲಿಲ್ಲ. ಮೈದುನನ ಹತ್ತಿರ ಕೈಸಾಲ ಮಾಡಿ ಡಿಪಾಸಿಟ್ ತುಂಬಿಸಿದೆವು. ಈ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ.

ಆದ್ದರಿಂದ ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಿ: ಮಾರಾಟ ಮತ್ತು ಖರೀದಿ ನಡುವೆ ಎಷ್ಟು ದಿನ ಅಂತರ ಇರಬಹುದು? ಇಆರ್‌ಸಿ ಮೊದಲು ಹಿಡಿದು ಆಮೇಲೆ ಕೊಡುತ್ತೀರಾ? ಒಂದೊಂದು ಬ್ಯಾಂಕಿನ ನಿಯಮ ಒಂದೊಂದು ಥರ, ಕೆಲವರು ಒಂದೇ ದಿನ ಆಗಲೇಬೇಕು ಅನ್ನುತ್ತಾರೆ.

ರಾಗಿಮುದ್ದೆ_ಯುಕೆ

ಒಂದು ಸೇರಿಸಲಾ? ಹೊಸ 90,000ವನ್ನು ಮತ್ತೆ ಐದು ವರ್ಷ ಫಿಕ್ಸ್ ಮಾಡಿಸಬೇಡಿ. 2027ರಲ್ಲಿ ಹಳೆಯ ಭಾಗ ಬಿಡುಗಡೆಯಾದಾಗ ಹೊಸ ಭಾಗಕ್ಕೆ ಇಆರ್‌ಸಿ ಇರುತ್ತದೆ, ಅದೇ ಬ್ಯಾಂಕಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಇಆರ್‌ಸಿ ಇಲ್ಲದ ಟ್ರ್ಯಾಕರ್ (ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಜೊತೆ ಬಡ್ಡಿ ಏರಿಳಿಯುವ ಸಾಲ) ಇದೆಯಾ ಕೇಳಿ, ಇಲ್ಲದಿದ್ದರೆ ಕೊನೆಯ ದಿನಾಂಕ ಆದಷ್ಟು ಹತ್ತಿರ ಇರುವುದನ್ನು ಆರಿಸಿ.

ಬಯಲುಸೀಮೆ (ಲೆಸ್ಟರ್)

ನೂರಕ್ಕೆ ನೂರು ಸರಿ, ನಾನು ಬರೆಯಬೇಕಿತ್ತು. ಟ್ರ್ಯಾಕರ್ ದರ ಸ್ವಲ್ಪ ಹೆಚ್ಚಿದ್ದರೂ ಇಷ್ಟು ಕಮ್ಮಿ ಅವಧಿಗೆ ಪರವಾಗಿಲ್ಲ.

ತಂಗಿ, ಫ್ಲಾಟ್ ಕೊಳ್ಳುವವರ ಅವಸರಕ್ಕೆ ನೀವು ದಿನಾಂಕ ಒಪ್ಪಬೇಡಿ. ಮಾರಾಟ, ಖರೀದಿ ಎರಡೂ ಒಂದೇ ದಿನ ಕಂಪ್ಲೀಷನ್ (ಹಣ ಕೊಟ್ಟು ಮನೆ ಕೈಬದಲಾಗುವುದು) ಆಗಬೇಕು ಅಂತ ಸಾಲಿಸಿಟರ್‌ಗೆ ಇವತ್ತೇ ಇಮೇಲ್ ಹಾಕಿ. ಪೋರ್ಟ್ ನಿರಾಕರಿಸಿದರೆ ಮಾತ್ರ ಏಪ್ರಿಲ್ 1ರ ನಂತರದ ದಿನಾಂಕ ಕೇಳಿ, ಆಗ ಇಆರ್‌ಸಿ 2,400ಕ್ಕೆ ಇಳಿಯುತ್ತದೆ. ಮೇ ಹೆರಿಗೆಗೆ ಅದು ತೀರಾ ಹತ್ತಿರ, ಅದಕ್ಕೇ ಪೋರ್ಟ್ ಅರ್ಜಿ ಈ ವಾರವೇ ಹೋಗಲಿ.

ತುಂಗಾತೀರ

ಸಾಲಿಸಿಟರ್‌ಗೆ ಬರೆದೆ. ನಾಳೆ ಬ್ರೋಕರ್ ಜೊತೆ ಕೂತು ಪೋರ್ಟ್ ಅರ್ಜಿ ತುಂಬುತ್ತೇವೆ, ಟ್ರ್ಯಾಕರ್ ಬಗ್ಗೆಯೂ ಕೇಳುತ್ತೇನೆ. ಉತ್ತರ ಏನು ಬಂತು ಅಂತ ಇಲ್ಲೇ ಹಾಕುತ್ತೇನೆ.