ಕಾದಂಬರಿಯ ಕರಡು, ಮನೆಯ ಹೊಣೆ, ಬಳಗದ ಕೆಲಸ: ಹೊಂದಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಸಣ್ಣಕಥೆಗಳನ್ನು ಬರೆಯುತ್ತಿರುವ ನಾನು ಈಗ ಮೊದಲ ಕಾದಂಬರಿಗೆ ಕೈಹಾಕಿದ್ದೇನೆ. ಹಗಲು ಕಚೇರಿ, ಸಂಜೆ ಮಕ್ಕಳ ಓದು ಮತ್ತು ವಯಸ್ಸಾದ ಅತ್ತೆಯವರ ಆರೈಕೆ. ಇವುಗಳ ನಡುವೆ ಉಳಿಯುವ ಅಲ್ಪ ಸಮಯದಲ್ಲಿಯೇ ನಾನು ಸೇರಿರುವ ಕಥೆಗಾರರ ಬಳಗದ ಕೆಲಸಗಳೂ ಆಗಬೇಕು. ಆರಂಭದಲ್ಲಿ ಗೋಷ್ಠಿಗೆ ಹೋಗಿ ಕೇಳಿಸಿಕೊಂಡು ಬರುತ್ತಿದ್ದೆ. ಈಗ ಹೊಸಬರ ಹಸ್ತಪ್ರತಿ ಓದಿ ಅಭಿಪ್ರಾಯ ಬರೆಯುವುದು, ಗೋಷ್ಠಿಗಳನ್ನು ಏರ್ಪಡಿಸುವುದು, ವಾರ್ಷಿಕ ಸಂಕಲನದ ಕರಡಚ್ಚು ತಿದ್ದುವುದು, ಎಲ್ಲವೂ ನನ್ನ ಪಾಲಿಗೆ ಬಂದಿವೆ. ಇವು ನನಗೆ ಪ್ರಿಯವಾದ ಕೆಲಸಗಳೇ. ನನ್ನ ಮೊದಲ ಕಥೆಯನ್ನು ಸಾಲುಸಾಲಾಗಿ ಓದಿ ದಾರಿ ತೋರಿಸಿದವರು ಈ ಬಳಗದ ಹಿರಿಯರು; ಆ ಋಣವನ್ನು ನಾನು ಮರೆಯಲಾರೆ. ಆದರೆ ಕಾದಂಬರಿ ಮೂರನೆಯ ಅಧ್ಯಾಯದಲ್ಲಿಯೇ ನಿಂತುಬಿಟ್ಟಿದೆ. ಮನೆಯವರ ಸಮಯವನ್ನು ಕಸಿಯದೆ, ಬಳಗಕ್ಕೂ ಬೆನ್ನು ಹಾಕದೆ ಬರವಣಿಗೆಯನ್ನು ಮುಂದುವರಿಸಿದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನೌಕರಿಯೇ ಬರವಣಿಗೆಯ ಶತ್ರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಇದ್ದುಕೊಂಡೇ ದಶಕಗಳ ಕಾಲ ಕಥೆ ಬರೆದರು. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯನ್ನು 1867ರವರೆಗೂ ಬಿಡಲಿಲ್ಲ. ಬೆಳಗಿನ ಐದೂವರೆಗೆ ಮೇಜಿಗೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು, ಆಮೇಲೆ ದಿನದ ಕೆಲಸಕ್ಕೆ ಏಳುತ್ತಿದ್ದರು. ಕಚೇರಿಯ ಕಡತ ಬೇಡುವ ಬುದ್ಧಿಯೇ ಬೇರೆ, ಕಥೆ ಬೇಡುವ ಬುದ್ಧಿಯೇ ಬೇರೆ ಆದ್ದರಿಂದ ಇದು ಸಾಧ್ಯವಾಗುತ್ತದೆ ಎಂದು ನನ್ನ ನಂಬಿಕೆ.

ಬಳಗದ ಕೆಲಸದಲ್ಲಿ ಹಾಗಲ್ಲ. ಇನ್ನೊಬ್ಬರ ಕಥೆಯಲ್ಲಿ ಪಾತ್ರ ಎಲ್ಲಿ ಜಾರಿತು, ಸಂಭಾಷಣೆ ಎಲ್ಲಿ ಕೃತಕವಾಯಿತು ಎಂದು ಹುಡುಕುವಾಗ ನಾವು ವ್ಯಯಿಸುವುದು ನಮ್ಮ ಕಾದಂಬರಿಗೆ ಬೇಕಾದ ಗಮನವನ್ನೇ. ಐದು ಸಾವಿರ ಪದಗಳ ಕಥೆಯೊಂದನ್ನು ಎರಡು ಬಾರಿ ಓದಿ, ಲೇಖಕರಿಗೆ ಉಪಯೋಗವಾಗುವಂತೆ ಟಿಪ್ಪಣಿ ಬರೆಯುವಷ್ಟರಲ್ಲಿ ಒಂದು ಸಂಜೆಯೇ ಕಳೆದಿರುತ್ತದೆ, ಮತ್ತು ಬರೆದ ತೃಪ್ತಿಯೂ ಅದರಲ್ಲಿಯೇ ಸಿಕ್ಕಿಬಿಟ್ಟಿರುತ್ತದೆ. ಆದ್ದರಿಂದ ದಿನದಲ್ಲಿ ಮನಸ್ಸು ತಿಳಿಯಾಗಿರುವ ಹೊತ್ತನ್ನು, ಅದು ಅರ್ಧ ಗಂಟೆಯೇ ಆಗಿರಲಿ, ಸ್ವಂತ ಕಾದಂಬರಿಗೆ ಮೊದಲು ಕೊಡಿ. ಹಸ್ತಪ್ರತಿಗಳನ್ನು ಉಳಿದ ಹೊತ್ತಿನಲ್ಲಿ ನೋಡಿ. ತಿಂಗಳಿಗೆ ಎಷ್ಟು ಕಥೆಗಳನ್ನು ಓದಬಲ್ಲಿರಿ ಎಂಬುದನ್ನು ಬಳಗಕ್ಕೆ ಮುಂಚಿತವಾಗಿಯೇ ತಿಳಿಸಿ. ಸಂಘಟನೆಯ ಹೊಣೆಗಳಿಗಂತೂ ಅವಧಿ ಇರಲೇಬೇಕು. ಇಂಥ ಸಂಚಿಕೆಯವರೆಗೆ, ಇಂಥ ಗೋಷ್ಠಿಯವರೆಗೆ ಎಂದು ಹೇಳಿ ವಹಿಸಿಕೊಂಡ ಕೆಲಸವನ್ನು ಮುಂದಿನವರಿಗೆ ಒಪ್ಪಿಸುವುದು ಸುಲಭ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಓದುವ ಕೆಲಸವನ್ನು ಕೇವಲ ಖರ್ಚಿನ ಪಟ್ಟಿಗೆ ಸೇರಿಸಬೇಡಿ. ಪರರ ಕಥೆಯಲ್ಲಿ ಕಂಡ ದೋಷವನ್ನು ಕಾರಣಸಹಿತ ವಿವರಿಸಬೇಕಾಗಿ ಬಂದಾಗಲೇ ಅದೇ ದೋಷ ನಮ್ಮ ಬರಹದಲ್ಲಿಯೂ ಇರುವುದು ಕಣ್ಣಿಗೆ ಬೀಳುತ್ತದೆ. ಬಿಡಬೇಕಾದದ್ದು ಓದನ್ನಲ್ಲ, ಕುರ್ಚಿ ಹೊಂದಿಸುವ, ಆಹ್ವಾನ ಕಳಿಸುವ, ಲೆಕ್ಕ ಇಡುವ ಕೆಲಸಗಳನ್ನು. ಅವನ್ನು ಸರದಿಯ ಮೇಲೆ ಎಲ್ಲರೂ ಮಾಡಬಹುದು.

ಗೋಷ್ಠಿಯ ಕ್ರಮವನ್ನು ಬದಲಿಸಿದರೂ ಸಾಕಷ್ಟು ಸಮಯ ಉಳಿಯುತ್ತದೆ. ಅಮೆರಿಕದ ಮಿಲ್‌ಫರ್ಡ್‌ನಲ್ಲಿ ವೈಜ್ಞಾನಿಕ ಕಥೆಗಾರರು 1956ರಲ್ಲಿ ಆರಂಭಿಸಿದ ಕಮ್ಮಟದ ಪದ್ಧತಿ ಇಂದಿಗೂ ಅನೇಕ ಕಡೆ ಬಳಕೆಯಲ್ಲಿದೆ: ಎಲ್ಲರೂ ಕಥೆಯನ್ನು ಮೊದಲೇ ಓದಿರುತ್ತಾರೆ, ಒಬ್ಬೊಬ್ಬರೂ ಸರದಿಯಂತೆ ನಿಗದಿತ ಅವಧಿಯೊಳಗೆ ಮಾತನಾಡುತ್ತಾರೆ, ಅಲ್ಲಿಯವರೆಗೆ ಲೇಖಕರು ಮೌನವಾಗಿರುತ್ತಾರೆ, ಕೊನೆಯಲ್ಲಿ ಮಾತ್ರ ಪ್ರತಿಕ್ರಿಯೆ ನೀಡುತ್ತಾರೆ. ಲೇಖಕರು ಪ್ರತಿ ಮಾತಿಗೂ ಸಮರ್ಥನೆ ಕೊಡಲು ತೊಡಗಿದರೆ ಗೋಷ್ಠಿ ಎಷ್ಟು ಹೊತ್ತು ಎಳೆಯುತ್ತದೆ ಎಂಬುದನ್ನು ನೀವೂ ಕಂಡಿರುತ್ತೀರಿ. ಇನ್ನೊಂದು ಮಾತು: ಕಾದಂಬರಿಯ ಮೊದಲ ಕರಡು ಮುಗಿಯುವವರೆಗೆ ಅದನ್ನು ಬಳಗದಲ್ಲಿ ಓದಬೇಡಿ. ಮೂರು ಅಧ್ಯಾಯಗಳಿಗೆ ಹತ್ತು ಅಭಿಪ್ರಾಯಗಳು ಬಂದರೆ ನಾಲ್ಕನೆಯದನ್ನು ಬರೆಯುವ ಬದಲು ಮೊದಲನೆಯದನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುತ್ತೇವೆ.

ಮೂರನೆಯ ಉತ್ತರ

ಟ್ರಾಲಪ್ ಅವರನ್ನು ಬೆಳಗ್ಗೆ ಎಬ್ಬಿಸಿ ಕಾಫಿ ತಂದುಕೊಡಲು ಸಂಬಳದ ಆಳು ಇದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಹಿರಿಯರ ಆರೈಕೆ ಮಾಡುವವರಿಗೆ ನಿಶ್ಚಿತ ಹೊತ್ತು ಎಂಬುದೇ ಇರುವುದಿಲ್ಲ. ರಾತ್ರಿ ಎರಡು ಬಾರಿ ಏಳಬೇಕಾದವರಿಗೆ ಐದೂವರೆಯ ಉಪದೇಶ ನೋವನ್ನಷ್ಟೇ ಕೊಡುತ್ತದೆ. ನನ್ನ ಅನುಭವದಲ್ಲಿ ನೆರವಾದದ್ದು ಸಮಯವನ್ನಲ್ಲ, ಮುಂದಿನ ದೃಶ್ಯವನ್ನು ಗೊತ್ತುಮಾಡಿಕೊಳ್ಳುವುದು. ಬರೆಯುವುದನ್ನು ನಿಲ್ಲಿಸುವ ಮುನ್ನ, ಮುಂದೆ ಯಾರು ಯಾರನ್ನು ಭೇಟಿಯಾಗುತ್ತಾರೆ, ಯಾವ ಮಾತು ಮುಚ್ಚಿಡುತ್ತಾರೆ ಎಂದು ಎರಡು ಸಾಲು ಗುರುತು ಹಾಕಿಟ್ಟರೆ, ಮತ್ತೆ ಇಪ್ಪತ್ತು ನಿಮಿಷ ಸಿಕ್ಕಾಗ ನೇರವಾಗಿ ಬರವಣಿಗೆಗೇ ಇಳಿಯಬಹುದು.

ಮನೆಯವರೊಡನೆಯೂ ಸ್ಪಷ್ಟವಾಗಿ ಮಾತನಾಡಿ. "ನನಗೆ ಬರೆಯಲು ಬಿಡುವು ಬೇಕು" ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಭಾನುವಾರ ಬೆಳಗ್ಗೆ ಹತ್ತರವರೆಗೆ ಅತ್ತೆಯವರನ್ನು ನೀವು ನೋಡಿಕೊಳ್ಳಿ" ಎಂದರೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಈ ವರ್ಷದ ಸಂಕಲನ ಮುಗಿದ ಕೂಡಲೇ ಕರಡಚ್ಚಿನ ಹೊಣೆಯನ್ನು ಕಿರಿಯರೊಬ್ಬರಿಗೆ ಒಪ್ಪಿಸಿ, ಹಸ್ತಪ್ರತಿ ಓದುವುದನ್ನು ಮಾತ್ರ ಮುಂದುವರಿಸಲು ನಿರ್ಧರಿಸಿದ್ದೇನೆ. ಆದರೆ ಹೊಸಬರು ಆಸೆಯಿಂದ ಕಥೆ ಕಳಿಸಿದಾಗ ಅವರ ಮನಸ್ಸು ನೋಯದಂತೆ ಇಲ್ಲವೆನ್ನುವುದು ಹೇಗೆ?

ಎರಡನೆಯ ಉತ್ತರ ಬರೆದವರು

ನಾನು ಹೀಗೆ ಬರೆಯುತ್ತೇನೆ: "ನಿಮ್ಮ ಕಥೆ ತಲುಪಿದೆ. ಈ ತಿಂಗಳು ಇನ್ನೊಂದು ಹಸ್ತಪ್ರತಿಗೆ ನ್ಯಾಯ ಒದಗಿಸಲಾರೆ. ಮುಂದಿನ ತಿಂಗಳ ಮೊದಲ ವಾರ ಓದಬಲ್ಲೆ. ಅಷ್ಟು ಕಾಯಲಾಗದಿದ್ದರೆ ಬಳಗದ ಇನ್ನೊಬ್ಬ ಓದುಗರಿಗೆ ಇದನ್ನು ಕಳಿಸಲು ನಿಮ್ಮ ಒಪ್ಪಿಗೆ ಇದೆಯೇ?" ಹೆಚ್ಚಿನವರು ಕಾಯುತ್ತೇವೆ ಎನ್ನುತ್ತಾರೆ, ಮತ್ತು ಅಷ್ಟರಲ್ಲಿ ಕಥೆಯನ್ನು ತಾವೇ ಇನ್ನೊಮ್ಮೆ ತಿದ್ದಿ ಕಳಿಸುತ್ತಾರೆ.